ಹಕ್ಕಿ ಕಾಲಿನ ಉಂಗುರ: ನಮಗೇನು ಲಾಭ?

ಹಕ್ಕಿ ಹಿಡಿದು, ಕಾಲಿಗೆ ಉಂಗುರ ತೊಡಿಸಿ ಬಿಡೋದು ಕೆಲಸವಿಲ್ಲದವರ ಕೆಲಸ ಎಂದು ನಗುವವರುಂಟು. ತಮಿಳುನಾಡಿನ ಕೋಡಿಯಕ್ಕರೈ ಕಡಲಂಚಿನಲ್ಲಿ ವಲಸೆ ಹಕ್ಕಿಗಳ ಹಿಂಡು ಎಣಿಸುತ್ತಾರೆ. ಬಲೆಗೆ ಬಿದ್ದವನ್ನು ಅಳೆದು, ತೂಗಿ, ನಂಬರಿನ ಉಂಗುರ ಹಾಕಿ ಹಾರಿಬಿಡುತ್ತಾರೆ.

ಇದರಿಂದ ನಮಗೇನು ಅಂತೀರಾ? ಮಂಗನ ಕಾಯಿಲೆ ನೆನೆಯಿರಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ ಅದು ಕಂಡಾಗ, ರಷ್ಯಾದಿಂದ ಹಕ್ಕಿ ತಂತೇ ಎಂಬ ಗುಮಾನಿ ಎದ್ದಿತು. ಅದರ ಬೆನ್ನಿಗೇ 1959ರಲ್ಲಿ ಸಲೀಂ ಅಲಿಯವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ದೊಡ್ಡ ಪ್ರಮಾಣದಲ್ಲಿ ಈ ಕೆಲಸಕ್ಕೆ ಕೈಹಾಕಿತು.

ಆದರೆ ನಂಬರು ಓದುವವರಿಲ್ಲದಿದ್ದರೆ ಉಂಗುರ ಬರೀ ತಗಡು. ಕೆರೆ ದಂಡೆಯಲ್ಲಿ ಉಂಗುರದ ಹಕ್ಕಿ ಸತ್ತುಬಿದ್ದಿದ್ದರೆ ಬರಿಗೈಲಿ ಮುಟ್ಟಬೇಡಿ. ನಂಬರು, ಊರು, ತಾರೀಖು ಬರೆದು ಸೊಸೈಟಿಗೋ ಅರಣ್ಯ ಇಲಾಖೆಗೋ ತಿಳಿಸಿ. ಹೆಚ್ಚು ಖರ್ಚಿಲ್ಲದ ಕೆಲಸ, ಮಾಡೋಣ.