ಕೈಹಿಡಿದು ನಡೆಯಿಸುವ ನೃತ್ಯ



ಶಾಲೆಯ ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದವಳು ಪರೀಕ್ಷೆಯ ಫಲಿತಾಂಶವನ್ನೂ ಕಟ್ಟಡದ ನಿಧಿಯನ್ನೂ ಕುರಿತು ಬರೆಯುವುದು ವಾಡಿಕೆಯಾಗಿದೆ. ಅವುಗಳಿಗೆ ಈ ಸಂಚಿಕೆಯಲ್ಲಿ ಬೇರೆ ಪುಟಗಳುಂಟು. ನಾನು ನಿಮ್ಮ ಮುಂದೆ ಇಡಬಯಸುವುದು ಮುಪ್ಪಿನಲ್ಲಿ ಅನೇಕರನ್ನು ಹಿಡಿಯುವ ಒಂದು ರೋಗದ ವಿಷಯ, ಮತ್ತು ಔಷಧದ ಜೊತೆಯಲ್ಲಿ ಆ ರೋಗಿಗಳಿಗೆ ನೆರವಾಗುತ್ತಿರುವ ಒಂದು ವ್ಯಾಯಾಮದ ವಿಷಯ. ಆ ವ್ಯಾಯಾಮವು ಜೋಡಿನೃತ್ಯ. ಈ ಮಾತಿಗೆ ಕೆಲವರು ಮೂಗು ಮುರಿದಾರು. ಕಡೆಯವರೆಗೆ ಓದಿ ಆಮೇಲೆ ತೀರ್ಮಾನಿಸಬೇಕೆಂದು ಅವರಲ್ಲಿ ನನ್ನ ಬಿನ್ನಹ. ನಿಮ್ಮಲ್ಲಿ ಎಷ್ಟೋ ಮಂದಿ ಈಗ ಗೃಹಿಣಿಯರಾಗಿದ್ದೀರಿ. ಮನೆಯ ಹಿರಿಯರ ಭಾರವು ಹೆಚ್ಚಾಗಿ ನಿಮ್ಮ ಮೇಲೆಯೇ ಬೀಳುತ್ತದೆ. ಆದಕಾರಣ ಇದನ್ನು ನಿಮಗಲ್ಲದೆ ಇನ್ನಾರಿಗೆ ಹೇಳಲಿ?

ಕ್ರಿ. ಶ. ೧೮೧೭ರಲ್ಲಿ ಲಂಡನ್ ನಗರದ ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯರು ನಡುಕದ ವಾತರೋಗವನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ಅದರಲ್ಲಿ ವರ್ಣಿಸಲ್ಪಟ್ಟ ರೋಗಿಗಳು ಆರೇ ಮಂದಿ. ಮುಂದೆ ಆ ರೋಗಕ್ಕೆ ಅವರ ಹೆಸರೇ ನಿಂತಿತು. ನಮ್ಮ ಆಯುರ್ವೇದದವರು ಕಂಪವಾತವೆಂದು ಕರೆಯುವ ವ್ಯಾಧಿಯ ಲಕ್ಷಣಗಳು ಇದನ್ನು ಬಹಳವಾಗಿ ಹೋಲುತ್ತವೆ. ಮೆದುಳಿನ ನಡುಭಾಗದಲ್ಲಿ ಡೋಪಮೈನ್ ಎಂಬ ರಸವನ್ನು ಉಂಟುಮಾಡುವ ಜೀವಕಣಗಳು ಕ್ರಮೇಣ ನಶಿಸುತ್ತವೆ. ಕೈ ನಡುಗುವುದು, ಮೈ ಬಿಗಿಯುವುದು, ಚಲನೆ ನಿಧಾನವಾಗುವುದು, ದೇಹದ ಸಮತೋಲನ ಕೆಡುವುದು, ಇವೆಲ್ಲ ಅದರ ಫಲ. ಬರವಣಿಗೆಯಲ್ಲಿ ಅಕ್ಷರಗಳು ಸಾಲಿನಿಂದ ಸಾಲಿಗೆ ಸಣ್ಣವಾಗುತ್ತ ಹೋಗುವುದೂ ಒಂದು ಲಕ್ಷಣ. ಲೆವೊಡೋಪಾ ಎಂಬ ಔಷಧವು ೧೯೬೦ರ ದಶಕದ ಕೊನೆಯಿಂದ ಅಸಂಖ್ಯಾತರಿಗೆ ಉಪಕಾರ ಮಾಡಿದೆ. ಆದರೂ ರೋಗವನ್ನು ಬೇರುಸಹಿತ ಕೀಳುವ ಮದ್ದು ಇನ್ನೂ ದೊರೆತಿಲ್ಲ. ಸಮತೋಲನದ ತೊಂದರೆಯೂ ನಡೆಯುವಾಗ ಪಾದಗಳು ಒಮ್ಮೆಲೆ ನೆಲಕ್ಕೆ ಅಂಟಿದಂತಾಗುವ ತೊಂದರೆಯೂ ಎಷ್ಟೋ ವೇಳೆ ಔಷಧಕ್ಕೆ ಪೂರ್ತಿಯಾಗಿ ಬಗ್ಗುವುದಿಲ್ಲ.

ಇಂಥ ರೋಗಿಗೆ ನಮ್ಮ ಮನೆಗಳಲ್ಲಿ ಸಲ್ಲುವ ಉಪಚಾರವಾದರೂ ಯಾವುದು? ಬಿದ್ದಾರೆಂಬ ಭಯದಿಂದ ಕುರ್ಚಿಯಲ್ಲಿ ಕೂಡಿಸುತ್ತೇವೆ. ಚೆಲ್ಲಿಯಾರೆಂದು ಲೋಟವನ್ನು ಕೈಯಿಂದ ತೆಗೆದುಕೊಳ್ಳುತ್ತೇವೆ. ನೆಂಟರು ಬಂದಾಗ ಒಳಕೋಣೆಯಲ್ಲಿ ಇರಿಸುತ್ತೇವೆ. ಮುಖದ ಸ್ನಾಯುಗಳು ಬಿಗಿದು ನಗೆಯು ತೋರದಿದ್ದರೆ, ಸಿಡುಕಿನ ಸ್ವಭಾವವೆಂದು ತಪ್ಪಾಗಿ ಎಣಿಸುತ್ತೇವೆ. ಇವುಗಳಲ್ಲಿ ಬಹುಭಾಗ ಪ್ರೀತಿಯಿಂದಲೇ ಆಗುವುದೆಂಬುದು ನಿಜ. ಆದರೆ ನಡೆಯದೆ ಕುಳಿತ ಕಾಲು ದಿನದಿನಕ್ಕೆ ದುರ್ಬಲವಾಗುತ್ತದೆ. ಮಾತಿಲ್ಲದೆ ಕುಳಿತ ಮನಸ್ಸು ಅದಕ್ಕಿಂತ ಬೇಗನೆ ಕುಗ್ಗುತ್ತದೆ.

ನೃತ್ಯದಿಂದ ಇಲ್ಲಿ ಏನು ಪ್ರಯೋಜನವೆಂದು ಕೇಳಬಹುದು. ಆರೋಗ್ಯವಂತನು ಹೆಜ್ಜೆಹೆಜ್ಜೆಗೂ ಯೋಚಿಸಿ ನಡೆಯುವುದಿಲ್ಲ. ಅವನ ಮೆದುಳು ಆ ಕೆಲಸವನ್ನು ತಾನಾಗಿ ನಡೆಯಿಸುತ್ತದೆ. ಈ ರೋಗದಲ್ಲಿ ಕೆಡುವುದು ತಾನಾಗಿ ನಡೆಯುವ ಆ ಏರ್ಪಾಡೇ. ಆದರೆ ಹೊರಗಿನಿಂದ ಒಂದು ಸೂಚನೆ ಬಂದರೆ, ಅಂದರೆ ಕಿವಿಗೆ ತಾಳವೋ, ಕಣ್ಣಿಗೆ ನೆಲದ ಮೇಲಿನ ಗೆರೆಯೋ, ದೇಹಕ್ಕೆ ಎದುರಿನವರ ಕೈಯೋ ದೊರೆತರೆ, ನಿಂತ ಪಾದವು ಎಷ್ಟೋ ವೇಳೆ ಮುಂದಕ್ಕೆ ಹೋಗುತ್ತದೆ. ಜೋಡಿನೃತ್ಯದಲ್ಲಿ ಈ ಮೂರು ಬಗೆಯ ಸೂಚನೆಗಳೂ ಒಂದೇ ಕಡೆ ಕೂಡುತ್ತವೆ.

ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಮೆಡಲೀನ್ ಹ್ಯಾಕ್ನಿ ಮತ್ತು ಗ್ಯಾಮನ್ ಅರ್ಹಾರ್ಟ್ ಎಂಬ ಇಬ್ಬರು ವಿದುಷಿಯರು ಇದನ್ನು ಪ್ರಯೋಗದಿಂದ ಪರೀಕ್ಷಿಸಿದರು. ಅವರು ಮುಖ್ಯವಾಗಿ ಆರಿಸಿಕೊಂಡದ್ದು ಟ್ಯಾಂಗೊ ಎಂಬ ನೃತ್ಯವನ್ನು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ದಕ್ಷಿಣ ಅಮೆರಿಕದ ಬ್ಯೂನಸ್ ಐರಿಸ್ ಮತ್ತು ಮಾಂಟೆವಿಡಿಯೊ ನಗರಗಳ ಬಡವರ ಕೇರಿಗಳಲ್ಲಿ ಹುಟ್ಟಿದ ನೃತ್ಯವಿದು. ಹಿಂದಕ್ಕೆ ನಡೆಯುವುದು, ಥಟ್ಟನೆ ನಿಂತು ಮತ್ತೆ ಹೊರಡುವುದು, ತಿರುಗುವುದು, ಜೊತೆಗಾರರ ಪಾದವನ್ನು ದಾಟಿ ಹೆಜ್ಜೆಯಿಡುವುದು, ಇವು ಅದರ ಅಂಗಗಳು. ರೋಗಿಗೆ ಕಷ್ಟವಾಗುವ ಚಲನೆಗಳೂ ಇವೇ. ೨೦೦೯ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ೫೮ ರೋಗಿಗಳಿದ್ದರು. ಕೆಲವರಿಗೆ ಟ್ಯಾಂಗೊ, ಕೆಲವರಿಗೆ ವಾಲ್ಟ್ಸ್ ಮತ್ತು ಫಾಕ್ಸ್‌ಟ್ರಾಟ್ ನೃತ್ಯಗಳು, ಉಳಿದವರಿಗೆ ನೃತ್ಯವಿಲ್ಲ. ೧೩ ವಾರಗಳೊಳಗೆ ೨೦ ಪಾಠಗಳಾದ ಮೇಲೆ ನೋಡಿದರೆ, ನೃತ್ಯ ಕಲಿತ ಎರಡು ಗುಂಪಿನವರೂ ಸಮತೋಲನದಲ್ಲಿಯೂ ಆರು ನಿಮಿಷಗಳಲ್ಲಿ ನಡೆಯುವ ದೂರದಲ್ಲಿಯೂ ಹಿಂದಕ್ಕಿಡುವ ಹೆಜ್ಜೆಯ ಉದ್ದದಲ್ಲಿಯೂ ಮುಂದುವರಿದಿದ್ದರು. ೨೦೧೨ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವು ವಾರಕ್ಕೆ ಎರಡು ಬಾರಿಯಂತೆ ೧೨ ತಿಂಗಳು ನಡೆಯಿತು. ಅದರ ಕಡೆಯಲ್ಲಿ, ಔಷಧದ ಪರಿಣಾಮ ಇಳಿದಿರುವ ಹೊತ್ತಿನಲ್ಲಿ ಪರೀಕ್ಷಿಸಿದಾಗಲೂ, ಟ್ಯಾಂಗೊ ಕಲಿತವರ ರೋಗಲಕ್ಷಣಗಳು ಮೊದಲಿಗಿಂತ ಇಳಿದಿದ್ದುವು, ಕಲಿಯದವರಲ್ಲಿ ಹಾಗಾಗಲಿಲ್ಲ.

ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದದ್ದು ೨೦೧೦ರಲ್ಲಿ ಪ್ರಕಟವಾದ ಪ್ರಯೋಗ. ಅದರಲ್ಲಿ ೩೯ ರೋಗಿಗಳನ್ನು ಎರಡು ಭಾಗ ಮಾಡಿ, ಒಂದು ಭಾಗಕ್ಕೆ ಜೊತೆಗಾರರೊಡನೆಯೂ ಇನ್ನೊಂದು ಭಾಗಕ್ಕೆ ಜೊತೆಗಾರರಿಲ್ಲದೆಯೂ ಅದೇ ನೃತ್ಯವನ್ನು ೧೦ ವಾರ ಕಲಿಸಿದರು. ನಡಿಗೆ ಮತ್ತು ಸಮತೋಲನಗಳಲ್ಲಿ ಇಬ್ಬರಿಗೂ ಲಾಭವು ಸರಿಸುಮಾರು ಒಂದೇ ಆಯಿತು. ಹಾಗಾದರೆ ಜೊತೆಗಾರರ ಕೈ ವ್ಯರ್ಥವೋ? ಅಲ್ಲವೆಂಬುದೇ ನನ್ನ ಅಭಿಪ್ರಾಯ. ಹೆಚ್ಚು ಸಂತೋಷಪಟ್ಟವರೂ ಮುಂದುವರಿಸಲು ಹೆಚ್ಚು ಆಸೆ ತೋರಿದವರೂ ಜೊತೆಗಾರರಿದ್ದವರೇ. ಈ ರೋಗವು ಹತ್ತು ವಾರಗಳಲ್ಲಿ ಹೋಗತಕ್ಕದ್ದಲ್ಲ. ಹತ್ತಿಪ್ಪತ್ತು ವರ್ಷ ಜೊತೆಗಿರತಕ್ಕದ್ದು. ಎಷ್ಟೇ ಒಳ್ಳೆಯ ವ್ಯಾಯಾಮವಾದರೂ ಬೇಸರ ಹುಟ್ಟಿ ಬಿಟ್ಟುಬಿಟ್ಟರೆ ಫಲವೇನು? ಒಬ್ಬಳೇ ಕುಳಿತು ಓದಲೊಲ್ಲದ ಹುಡುಗಿ ಗೆಳತಿಯ ಜೊತೆ ಕೂಡಿಸಿದರೆ ಪಾಠವನ್ನು ಮುಗಿಸುವುದನ್ನು ಪ್ರತಿಯೊಬ್ಬ ಉಪಾಧ್ಯಾಯಿನಿಯೂ ಬಲ್ಲಳು. ಅಭ್ಯಾಸವನ್ನು ಹುಟ್ಟಿಸುವುದು ಬುದ್ಧಿವಾದವಾಗಿರಬಹುದು. ಅದನ್ನು ಉಳಿಸುವುದು ಸಂಗಾತಿಯೇ.

ಇನ್ನೂ ಒಂದು ಮಾತುಂಟು. ಸೇಂಟ್ ಲೂಯಿಸಿನ ವರ್ಗಗಳಲ್ಲಿ ರೋಗಿಯು ಯಾವಾಗಲೂ ಇತರರು ನಡೆಯಿಸಿದಂತೆ ನಡೆಯುವವನಲ್ಲ. ಸರದಿಯ ಮೇಲೆ ತಾನೇ ಮುಂದಾಗಿ ಜೊತೆಗಾರರನ್ನು ನಡೆಯಿಸುತ್ತಿದ್ದನು. ಸ್ನಾನಕ್ಕೂ ಊಟಕ್ಕೂ ಪರರ ಕೈಯನ್ನು ಕಾಯುವ ವೃದ್ಧನಿಗೆ, ತಾನು ಒಬ್ಬರಿಗೆ ದಾರಿ ತೋರಿಸಬಲ್ಲೆನೆಂಬ ಅರಿವು ಎಂಥ ಸಂಪತ್ತು!

ಈಗ ಆಕ್ಷೇಪಣೆಗಳನ್ನು ನೋಡೋಣ. ಪರಸ್ತ್ರೀಪುರುಷರು ಕೈಹಿಡಿದು ಕುಣಿಯುವುದು ನಮ್ಮ ಮರ್ಯಾದೆಗೆ ಒಗ್ಗದೆಂದು ಕೆಲವರು ಹೇಳುವರು. ಜೊತೆಗಾರರು ಪರರೇ ಆಗಬೇಕೆಂಬ ನಿಯಮವೇನೂ ಇಲ್ಲ. ಪತಿಗೆ ಪತ್ನಿ, ತಾಯಿಗೆ ಮಗಳು, ತಾತನಿಗೆ ಮೊಮ್ಮಗಳು ಆಗಬಹುದು. ಮುಂಗೈಗಳನ್ನು ಹಿಡಿದು ಎದುರುಬದುರಾಗಿ ನಿಲ್ಲುವುದರಲ್ಲಿ ಅಮರ್ಯಾದೆ ಯಾವುದು? ಇದು ಪರದೇಶದ ಕುಣಿತವೆಂದು ಇನ್ನು ಕೆಲವರು ಹೇಳುವರು. ಆ ಪ್ರಯೋಗಗಳು ಟ್ಯಾಂಗೊವಿಗೆ ಸಂಬಂಧಿಸಿದವೆಂಬುದು ನಿಜವೇ. ಆದರೆ ತಾಳಕ್ಕೆ ಹೆಜ್ಜೆಯನ್ನೂ ಎದುರಿನವಳ ಕೋಲಿಗೆ ಕೋಲನ್ನೂ ಹೊಂದಿಸುವುದನ್ನು ಕೋಲಾಟದಲ್ಲಿ ಕಲಿತ ನಮಗೆ ಅದರ ತತ್ತ್ವವು ಪರಕೀಯವಲ್ಲ. ಪುಣೆಯಲ್ಲಿಯೂ ಈ ರೋಗಿಗಳಿಗಾಗಿ ನೃತ್ಯವರ್ಗಗಳು ನಡೆದಿವೆ.

ಬಿದ್ದಾರೆಂಬ ಭಯ ಮಾತ್ರ ನ್ಯಾಯವಾದುದು. ಆದಕಾರಣ ವೈದ್ಯರನ್ನು ಕೇಳದೆಯೂ ಅಂಗಸಾಧನೆಯ ಚಿಕಿತ್ಸೆ ಬಲ್ಲವರಿಂದ ಕಲಿಯದೆಯೂ ಯಾರೂ ತೊಡಗಬಾರದು. ಔಷಧವು ಚೆನ್ನಾಗಿ ಕೆಲಸಮಾಡುವ ಹೊತ್ತನ್ನು ಆರಿಸಿಕೊಳ್ಳಬೇಕು. ನೆಲದ ಮೇಲೆ ಚಾಪೆ, ಜಮಖಾನೆ ಇರಬಾರದು; ಗೋಡೆಯೋ ಭದ್ರವಾದ ಕುರ್ಚಿಯೋ ಕೈಗೆಟಕುವಂತಿರಬೇಕು. ಪಾದವು ಅಂಟಿದಂತಾದಾಗ ರೋಗಿಯನ್ನು ಎಳೆಯಕೂಡದು. ನಿಲ್ಲಲು ಹೇಳಿ, ದೇಹದ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಮೆಲ್ಲನೆ ಬದಲಿಸಲು ಹೇಳಿ, ಒಂದು ಎರಡು ಎಂದೆಣಿಸಿ ಹೆಜ್ಜೆಯಿಡಿಸಬೇಕು. ನೃತ್ಯವು ಔಷಧಕ್ಕೆ ಬದಲಲ್ಲ, ರೋಗವನ್ನು ಕಳೆಯುವುದೂ ಇಲ್ಲ. ಪ್ರಯೋಗಗಳು ಚಿಕ್ಕವಾದ್ದರಿಂದ ಅತಿಯಾದ ಆಸೆಯನ್ನು ಯಾರಿಗೂ ತೋರಿಸಲಾಗದು.

ಆ ಪ್ರಯೋಗಗಳಲ್ಲಿ ರೋಗಿಗಳಿಗೆ ಜೊತೆಗಾರರಾಗಿ ನಿಂತವರು ಯಾರೆಂದು ಬಲ್ಲಿರಾ? ಬಹುಮಟ್ಟಿಗೆ ಅದೇ ವಿಶ್ವವಿದ್ಯಾನಿಲಯದ ತರುಣ ವಿದ್ಯಾರ್ಥಿಗಳು. ಇದನ್ನು ಓದಿದಾಗಿನಿಂದ ನನಗೆ ತೋರುವುದೇನೆಂದರೆ, ನಮ್ಮ ಹುಡುಗಿಯರು ಕಲಿಯಬೇಕಾದ ಸೇವೆಗಳಲ್ಲಿ ಇದೂ ಒಂದು. ಗಾಯಕ್ಕೆ ಪಟ್ಟಿ ಕಟ್ಟುವುದನ್ನು ಕಲಿಸುತ್ತೇವೆ. ನಡುಗುವ ಕೈಯನ್ನು ಹಿಡಿದು ತಾಳಕ್ಕೆ ಸರಿಯಾಗಿ ನಡೆಯಿಸುವುದನ್ನೂ ಕಲಿಸಬಾರದೇಕೆ? ತಾಯಿತಂದೆಗಳು ಒಪ್ಪಿಗೆ ಕೊಟ್ಟರೆ, ವೈದ್ಯಶಾಸ್ತ್ರವನ್ನೂ ದಾದಿಯ ಕೆಲಸವನ್ನೂ ಕಲಿತಿರುವ ಹಳೆಯ ವಿದ್ಯಾರ್ಥಿನಿಯರು ಮೇಲ್ವಿಚಾರಣೆಗೆ ಬಂದರೆ, ವಾರಕ್ಕೊಂದು ಸಾಯಂಕಾಲ ಶಾಲೆಯ ಸಭಾಮಂದಿರದ ಬಾಗಿಲನ್ನು ತೆರೆದಿಡಲು ನಾನು ಸಿದ್ಧಳಿದ್ದೇನೆ. ಅಷ್ಟರವರೆಗೆ ಕಾಯಬೇಕಾಗಿಯೂ ಇಲ್ಲ. ನಿಮ್ಮ ಮನೆಯಲ್ಲಿ ಇಂಥ ಹಿರಿಯರಿದ್ದರೆ, ಅವರ ವೈದ್ಯರನ್ನು ಕಂಡಾಗ ಈ ವಿಷಯವನ್ನು ಕೇಳಿರಿ; ಅವರು ಒಪ್ಪಿದರೆ ಕುರ್ಚಿಯಿಂದ ಅವರನ್ನು ಎಬ್ಬಿಸಿರಿ.

— ಮುಖ್ಯೋಪಾಧ್ಯಾಯಿನಿ