ಟೆಸ್ಟ್ ಪಂದ್ಯಕ್ಕೂ ಕಾಲ ನೋಡಬೇಡವೇ?

ಬಿತ್ತನೆಗೆ ಹದ ನೋಡುವಂತೆ ಆಟಕ್ಕೂ ಕಾಲ ನೋಡಬೇಕು. ಅಂತರರಾಷ್ಟ್ರೀಯ ಕ್ರಿಕೆಟ್ಟಿನ ವೇಳಾಪಟ್ಟಿ ಬರೆಯುವವರು ನಮ್ಮೂರಿನ ಹಿಂಗಾರನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ತೋರುವುದಿಲ್ಲ.

2015ರ ನವೆಂಬರಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ದಕ್ಷಿಣ ಆಫ್ರಿಕದೊಡನೆ ಆಟ ನಡೆದದ್ದು ಮೊದಲ ದಿನ ಮಾತ್ರ. ಉಳಿದ ನಾಲ್ಕು ದಿನಗಳು ಮಳೆಯ ಪಾಲಾದವು. 2024ರ ಅಕ್ಟೋಬರಿನಲ್ಲಿ ನ್ಯೂಜಿಲೆಂಡ್ ಬಂದಾಗ ಮೊದಲ ದಿನ ಒಂದು ಚೆಂಡೂ ಬೀಳಲಿಲ್ಲ. ಮರುದಿನ ಮೋಡದಡಿಯಲ್ಲಿ ಭಾರತ 46 ರನ್ನಿಗೆ ಕುಸಿಯಿತು. ಸೋಲಿಗೆ ಮಳೆಯೊಂದೇ ಕಾರಣವೆಂದು ನಾನು ವಾದಿಸುವುದಿಲ್ಲ. ಮೈದಾನದ ನೀರನ್ನು ಬೇಗ ಹೀರಿ ತೆಗೆಯುವ ಯಂತ್ರ ಅಲ್ಲಿದೆ, ನಿಜ. ಆದರೆ ಸುರಿಯುವ ಮಳೆಗೆ ಅದು ಕೊಡೆ ಹಿಡಿಯಲಾರದು. ಇದೇ ಮೈದಾನದಲ್ಲಿ 2017 ಹಾಗೂ 2022ರ ಮಾರ್ಚಿನಲ್ಲಿ ನಡೆದ ಟೆಸ್ಟುಗಳೆರಡೂ ಐದನೆಯ ದಿನಕ್ಕೆ ಮೊದಲೇ ತೀರ್ಮಾನ ಕಂಡವು.

ಬೇರೆ ದೇಶಗಳ ಅನುಕೂಲವನ್ನೂ ನೋಡಬೇಕು ಎನ್ನುವವರಿದ್ದಾರೆ. ಆಗಲಿ, ಅಕ್ಟೋಬರಿನ ಪಂದ್ಯಗಳು ಉತ್ತರದ ಊರುಗಳಿಗೆ ಹೋಗಲಿ. ಜನವರಿಯಿಂದ ಮಾರ್ಚಿನೊಳಗೆ ತಂಡಗಳು ಬಂದಾಗ ಬೆಂಗಳೂರಿನ ಸರದಿ ಬರಲಿ. ಐ.ಪಿ.ಎಲ್.ಗಾಗಿ ಬೇಸಗೆಯ ಎರಡು ತಿಂಗಳನ್ನು ಮೀಸಲಿಡಬಲ್ಲವರಿಗೆ ಟೆಸ್ಟಿಗೆ ಐದು ಒಣ ದಿನಗಳು ಸಿಗವೇ?

ಒಂದು ದಿನದ ದುಡಿಮೆ ಬಿಟ್ಟು ಬಸವೇಶ್ವರನಗರದಿಂದ ಬಸ್ಸೇರಿ ಹೋಗುವ ಪ್ರೇಕ್ಷಕ ಕೇಳುವುದು ಗೆಲುವನ್ನಲ್ಲ, ಆಟವನ್ನು. ಅಷ್ಟನ್ನಾದರೂ ಅವನಿಗೆ ಕೊಡುವುದು ನ್ಯಾಯ.