ಉಪ್ಪಿನ ಪೊಟ್ಟಣ ಎಷ್ಟು ದಿನ ಬರಬೇಕು?

ಮೊಮ್ಮಕ್ಕಳೇ, ಒಮ್ಮೆ ಮುಷ್ಟಿ ಬಿಗಿಹಿಡಿಯಿರಿ. ನಿಮ್ಮ ಹೃದಯ ಹೆಚ್ಚುಕಡಿಮೆ ಅಷ್ಟೇ ದೊಡ್ಡದು. ದೊಡ್ಡವರ ಹೃದಯ ನಿಮಿಷಕ್ಕೆ 72 ಸಲ ಬಡಿಯುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ 1,440 ನಿಮಿಷ. ಗುಣಿಸಿದರೆ 1,03,680 ಬಡಿತ. ನಿಮಿಷಕ್ಕೆ ಸುಮಾರು 5 ಲೀಟರಿನಂತೆ ದಿನಕ್ಕೆ 7,200 ಲೀಟರ್ ರಕ್ತವನ್ನು ಅದು ತಳ್ಳುತ್ತದೆ. ಅದಕ್ಕೆ ಭಾನುವಾರವೂ ಇಲ್ಲ, ದಸರಾ ರಜೆಯೂ ಇಲ್ಲ.

ಹೀಗೆ ಹರಿಯುವ ರಕ್ತ ನಾಳದ ಗೋಡೆಯನ್ನು ಒತ್ತುವ ಬಲವೇ ರಕ್ತದೊತ್ತಡ, ಅಂದರೆ ಬಿಪಿ. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ ಕುದುರೆಯ ರಕ್ತನಾಳಕ್ಕೆ ಉದ್ದನೆಯ ಗಾಜಿನ ಕೊಳವೆ ಜೋಡಿಸಿ ಇದನ್ನು ಅಳೆದರು. ರಕ್ತ ಕೊಳವೆಯಲ್ಲಿ 8 ಅಡಿಗೂ ಮೇಲೆ ಏರಿತ್ತು! 1733ರಲ್ಲಿ ಅವರು ಅದನ್ನು ಪುಸ್ತಕದಲ್ಲಿ ಬರೆದರು. ಈಗ ತೋಳಿಗೆ ಪಟ್ಟಿ ಸುತ್ತಿದರೆ ಸಾಕು, ಎರಡು ಅಂಕಿ ಸಿಗುತ್ತವೆ. ಮೇಲಿನದು ಹೃದಯ ಹಿಂಡಿದಾಗಿನ ಒತ್ತಡ, ಕೆಳಗಿನದು ಸಡಿಲವಾದಾಗಿನದು. ದೊಡ್ಡವರಿಗೆ 120/80ರ ಆಸುಪಾಸು ಒಳ್ಳೆಯದು. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಬಿಪಿ ಕಾಯಿಲೆ.

ಅದರಿಂದ ಹೃದಯಕ್ಕೆ ಏನಾಗುತ್ತದೆ? ಗುಂಡ್ಲುಪೇಟೆ ಕಡೆ ಅರಿಸಿನ, ಬಾಳೆಗೆ ಹನಿ ನೀರಾವರಿ ಮಾಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಬೋರ್‌ವೆಲ್ಲಿನ ಗಡಸು ನೀರು ಹರಿದು ಹರಿದು ಪೈಪಿನೊಳಗೆ ಬೆಳ್ಳಗೆ ಗಟ್ಟುತ್ತದೆ. ದಾರಿ ಕಿರಿದಾದಷ್ಟೂ ಮೋಟರಿಗೆ ಹೊರೆ. ಹೃದಯವೂ ಹಾಗೆಯೇ. ಹೆಚ್ಚಿನ ಒತ್ತಡದ ಎದುರು ವರ್ಷಗಟ್ಟಲೆ ತಳ್ಳಿ ತಳ್ಳಿ, ಮೂಟೆ ಹೊರುವವರ ತೋಳಿನಂತೆ ಅದರ ಮಾಂಸಖಂಡ ದಪ್ಪವಾಗುತ್ತದೆ. ತೋಳು ದಪ್ಪವಾದರೆ ಶಕ್ತಿ, ಹೃದಯದ ಗೋಡೆ ದಪ್ಪವಾದರೆ ತೊಂದರೆ. ಅದು ಬಿರುಸಾಗುತ್ತದೆ, ಸರಿಯಾಗಿ ಸಡಿಲಗೊಳ್ಳುವುದಿಲ್ಲ, ಕೊನೆಗೆ ಸೋಲುತ್ತದೆ.

ನಾಳದ ಕಥೆ ಮಾತ್ರ ಪೈಪಿನಂತಲ್ಲ. ನಾಳದ ಒಳಮೈ ರೇಷ್ಮೆಯಂತೆ ನುಣುಪು. ಒತ್ತಡ ಅದನ್ನು ಸವೆಸುತ್ತದೆ, ರಕ್ತದಲ್ಲಿ ಹೆಚ್ಚಾದ ಸಕ್ಕರೆಯೂ ಕೆಡಿಸುತ್ತದೆ, ಬೀಡಿ ಹೊಗೆಯಂತೂ ಇನ್ನೂ ಕೆಡಿಸುತ್ತದೆ. ಕೆಟ್ಟ ಜಾಗದಲ್ಲಿ ಕೊಬ್ಬು ಗೋಡೆಯ ಒಳಕ್ಕೇ ಇಳಿದು ಗಂಟು ಕಟ್ಟುತ್ತದೆ. ಪೈಪಾದರೆ ಆ್ಯಸಿಡ್ ಬಿಟ್ಟು ತೊಳೆಯಬಹುದು, ನಾಳವನ್ನು ಯಾವ ಕಷಾಯವೂ ತೊಳೆಯಲಾರದು. ಒಂದು ದಿನ ಆ ಗಂಟು ಬಿರಿದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಹೃದಯದ ನಾಳದಲ್ಲಾದರೆ ಹೃದಯಾಘಾತ, ಮಿದುಳಿನಲ್ಲಾದರೆ ಪಾರ್ಶ್ವವಾಯು.

ಬಿಪಿ, ಸಕ್ಕರೆ, ರಕ್ತದ ಕೊಬ್ಬು, ಹೊಟ್ಟೆಯ ಬೊಜ್ಜು ಈ ನಾಲ್ಕೂ ನೆಂಟರು. ಒಬ್ಬರು ಬಂದ ಮನೆಗೆ ಉಳಿದವರೂ ದಾರಿ ಹುಡುಕುತ್ತಾರೆ. ನಮ್ಮ ದೇಶದವರಿಗೆ ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ದಾಟಿದರೆ ಎಚ್ಚರ ಎನ್ನುತ್ತಾರೆ ವೈದ್ಯರು. ಟೇಪು ತನ್ನಿ, ತಾತನ ಹೊಟ್ಟೆ ಅಳೆಯಿರಿ. ಉಸಿರು ಬಿಗಿಹಿಡಿಯಲು ಬಿಡಬೇಡಿ!

ಇನ್ನು ನನ್ನ ವಯಸ್ಸಿನವರಿಗೆ ಎರಡು ಮಾತು. “ನನಗೇನೂ ಆಗಿಲ್ಲ, ಗುಂಡುಕಲ್ಲಿನ ಹಾಗಿದ್ದೀನಿ” ಎಂದು ಮಾತ್ರೆ ಬಿಡುವವರು ನಮ್ಮಲ್ಲಿ ಬಹಳ. ಬಿಪಿ ನೋಯುವುದಿಲ್ಲ, ಅದೇ ಅದರ ಮೋಸ. ಮಾತ್ರೆ ನುಂಗಿದ್ದರಿಂದಲೇ ಅಂಕಿ ಇಳಿದಿರುತ್ತದೆ, ಬಿಟ್ಟರೆ ಮತ್ತೆ ಏರುತ್ತದೆ. ಕಡಿಮೆ ಮಾಡುವುದಿದ್ದರೆ ವೈದ್ಯರೇ ಹೇಳಲಿ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ 30 ವರ್ಷ ದಾಟಿದವರಿಗೆ ಬಿಪಿ, ಸಕ್ಕರೆ ತಪಾಸಣೆ ಉಚಿತ. ಹೋದವರು 5 ನಿಮಿಷ ಸುಮ್ಮನೆ ಕುಳಿತು, ಪಾದ ನೆಲಕ್ಕೂರಿ, ತೋಳನ್ನು ಎದೆಯ ಮಟ್ಟದಲ್ಲಿಟ್ಟು ನೋಡಿಸಿ. ಅದಕ್ಕೂ ಅರ್ಧ ಗಂಟೆ ಮೊದಲು ಕಾಫಿ ಬೇಡ.

ಎರಡನೆಯದು, ಎದೆ ಹಿಂಡಿದಂತಾಗಿ, ಬೆವರು ಕಿತ್ತು, ನೋವು ತೋಳಿಗೋ ದವಡೆಗೋ ಹರಿದರೆ “ಗ್ಯಾಸು” ಎಂದು ಸೋಡಾ ಕುಡಿದು ಮಲಗಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ. ಚಾಮರಾಜನಗರದಿಂದಾಗಲಿ ಗುಂಡ್ಲುಪೇಟೆಯಿಂದಾಗಲಿ ಮೈಸೂರಿಗೆ ಸುಮಾರು 60 ಕಿ.ಮೀ., ಬೆಲೆಬಾಳುವ ಮೊದಲ ಗಂಟೆ ರಸ್ತೆಯಲ್ಲೇ ಕಳೆದುಹೋಗುತ್ತದೆ. ನಮ್ಮ ನೆರೆಯ ಗಾಜನೂರಿನ ರಾಜಕುಮಾರ್ ಅವರ ಕಿರಿಯ ಮಗ ಪುನೀತ್ 2021ರ ಅಕ್ಟೋಬರ್ 29ರಂದು ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ ಬರೀ 46 ವರ್ಷ. ದಿನವೂ ವ್ಯಾಯಾಮ ಮಾಡುತ್ತಿದ್ದವರು. 2023ರಲ್ಲಿ ಅವರ ಹೆಸರಿನಲ್ಲೇ ಸರ್ಕಾರ ಹೃದಯಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರ ಸಲಹೆ ಪಡೆದು, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವುದು ಅದರ ಉದ್ದೇಶ. ಆದರೆ ಹೊತ್ತಿಗೆ ಸರಿಯಾಗಿ ಆಸ್ಪತ್ರೆಯ ಬಾಗಿಲಿಗೆ ಹೋಗಬೇಕಾದವರು ನಾವು.

ಈಗ ಮಕ್ಕಳ ಲೆಕ್ಕ. ಒಬ್ಬರಿಗೆ ದಿನಕ್ಕೆ 5 ಗ್ರಾಂ ಉಪ್ಪಿಗಿಂತ ಹೆಚ್ಚು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಒಂದು ಟೀ ಚಮಚ, ಅದೂ ಉಪ್ಸಾರು, ಉಪ್ಪಿನಕಾಯಿ, ಹಪ್ಪಳ, ಬೇಕರಿ ಚಿಪ್ಸು ಎಲ್ಲ ಸೇರಿ. ಕಲ್ಲುಪ್ಪಿಗೂ ಸೈಂಧವ ಲವಣಕ್ಕೂ ಇದೇ ಮಾತು. ಮನೆಯಲ್ಲಿ ನಾಲ್ವರಿದ್ದರೆ ದಿನಕ್ಕೆ 20 ಗ್ರಾಂ, ಒಂದು ಕಿಲೋ ಪೊಟ್ಟಣ 50 ದಿನ ಬರಬೇಕು. ಹೊಸ ಪೊಟ್ಟಣ ಒಡೆದ ದಿನವೇ ಅದರ ಮೇಲೆ ತಾರೀಖು ಬರೆಯಿರಿ, ಖಾಲಿಯಾದ ದಿನ ಎಣಿಸಿ. ಪಕ್ಕದಲ್ಲೇ ಒಂದು ಪುಟ್ಟ ನೋಟುಬುಕ್ಕಿನಲ್ಲಿ ಪಾಸ್‌ಬುಕ್ಕಿನ ಹಾಗೆ ಗೆರೆ ಎಳೆದು ತಾತ-ಅಜ್ಜಿಯ ಬಿಪಿ ಬರೆದಿಡಿ: ತಾರೀಖು, ಮೇಲಿನ ಅಂಕಿ, ಕೆಳಗಿನ ಅಂಕಿ. ವೈದ್ಯರ ಬಳಿ ಹೋಗುವಾಗ ಆ ಪುಸ್ತಕವೂ ಜೊತೆಯಲ್ಲಿರಲಿ.

ಈ ವಾರದ ಪ್ರಶ್ನೆ: ಐದು ಜನರ ಮನೆಯಲ್ಲಿ ಒಂದು ಕಿಲೋ ಉಪ್ಪು 25 ದಿನಕ್ಕೆ ಮುಗಿಯಿತು. ತಲೆಗೆ ದಿನಕ್ಕೆ ಎಷ್ಟು ಗ್ರಾಂ? ಮಿತಿಗಿಂತ ಎಷ್ಟು ಹೆಚ್ಚು? ಉತ್ತರ ಮುಂದಿನ ವಾರ.